ಮೂರು ಮಿಲಿಮೀಟರಿನ ತಪ್ಪು

ಮಧುಮತಿ ಹಳಿಯ ಮೇಲೆ ನಡೆಯುವುದನ್ನು ದೂರದಿಂದ ಕಂಡವರು, ಪಾಪ, ಈ ಹೆಂಗಸು ಏನನ್ನೋ ಕಳೆದುಕೊಂಡಿದ್ದಾಳೆ ಎಂದೇ ತಿಳಿಯುತ್ತಾರೆ. ಮೈಮೇಲೆ ಕಿತ್ತಳೆ ಬಣ್ಣದ ಕೋಟು, ಬಗ್ಗಿಸಿದ ತಲೆ. ಹತ್ತು ಹೆಜ್ಜೆ ನಡೆದರೆ ಒಮ್ಮೆ ಕೂರುತ್ತಾಳೆ, ಬೋಲ್ಟೊಂದನ್ನು ಬೆರಳಿನಿಂದ ಒತ್ತಿ ನೋಡುತ್ತಾಳೆ, ಏಳುತ್ತಾಳೆ. ದಕ್ಷಿಣ ಜರ್ಮನಿಯ ಒಂದು ಸರ್ಕಾರಿ ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಅವಳದು ಇದೇ ನೌಕರಿ. ಕಣಿವೆಗಳ ಊರುಗಳಿಗೆ ಹೋಗಿಬರುವ ಸಣ್ಣ ಖಾಸಗಿ ರೈಲುಮಾರ್ಗಗಳ ಹಳಿ ಸುರಕ್ಷಿತವಾಗಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು.

ಬಾಗಲಕೋಟೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಗಂಡ ಉದಯಕುಮಾರನಿಗೆ ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ಕೆಲಸ ಸಿಕ್ಕಿತೆಂದು ಅವನ ಜೊತೆ ಬಂದಳು. ಈ ನೌಕರಿಯ ಸಂದರ್ಶನದಲ್ಲಿ ಒಬ್ಬ ಅಧಿಕಾರಿ, "ಮಳೆಯಿರಲಿ, ಹಿಮವಿರಲಿ, ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆಯಬೇಕಾಗುತ್ತದೆ. ಆಗುತ್ತದೆಯೇ?" ಎಂದು ಕೇಳಿದ್ದ. "ನಡೆಯೋದಕ್ಕೆ ವ್ಯಾಕರಣ ಬೇಕಾಗಿಲ್ಲವಲ್ಲ" ಎಂದು ಇವಳು ಎಡವಟ್ಟು ಜರ್ಮನ್‌ನಲ್ಲಿ ಹೇಳಿದ್ದಳು. ಸಂದರ್ಶನಕ್ಕೆ ಕೂತಿದ್ದ ಮೂವರೂ ನಕ್ಕುಬಿಟ್ಟರು. ಕೆಲಸ ಸಿಕ್ಕಿತು.

ಹೀಗೆ ಸಹಿ ಹಾಕುತ್ತ ಬಂದ ಮಧುಮತಿ ಕಳೆದ ಮಾರ್ಚ್‌ನಲ್ಲಿ ಒಂದು ತಪ್ಪು ಮಾಡಿದಳು.

ಎರ್ಲೆನ್‌ಟಾಲ್ ಎಂಬ ಕಣಿವೆಯ ಹದಿನಾರು ಕಿಲೋಮೀಟರ್ ಮಾರ್ಗವನ್ನು ಮಂಗಳವಾರದಿಂದ ಗುರುವಾರದವರೆಗೆ ಅಳೆಯುವುದಿತ್ತು. ಎರಡು ಹಳಿಗಳ ನಡುವಿನ ಅಂತರ ಅಳೆಯಲು ಅವಳ ಬಳಿ ಉದ್ದನೆಯ ಗೇಜ್ ಇರುತ್ತದೆ. ಮಂಗಳವಾರ ಬೆಳಿಗ್ಗೆ, ಮೊದಲ ಸ್ಟೇಷನ್ನಿನಲ್ಲೇ, ಅದು ಪ್ಲಾಟ್‌ಫಾರ್ಮಿನ ಅಂಚಿನಿಂದ ಜಾರಿ ಜಲ್ಲಿಕಲ್ಲಿನ ಮೇಲೆ ಬಿತ್ತು. ಗೇಜ್ ಬಿದ್ದರೆ ಅದನ್ನು ತಾಳೆ ನೋಡದೆ ಮುಂದೆ ಬಳಸಬಾರದು. ತಾಳೆ ನೋಡುವ ಉಪಕರಣ ಕಾರಿನಲ್ಲಿತ್ತು. ಕಾರು ಊರಾಚೆ ನಿಂತಿತ್ತು. ಮುಂದಿನ ರೈಲು ಬರಲು ಇಪ್ಪತ್ತೇ ನಿಮಿಷವಿತ್ತು. ಅವಳು ಗೇಜನ್ನು ಒರೆಸಿ, ಒಂದು ಕಣ್ಣು ಮುಚ್ಚಿ ನೇರವಾಗಿದೆಯೇ ಎಂದು ನೋಡಿದಳು. ನೇರವಾಗಿಯೇ ಕಂಡಿತು. ಮೂರು ದಿನ ಅದರಲ್ಲೇ ಅಳೆದಳು. ಗುರುವಾರ ಸಂಜೆ, ಮಾರ್ಗ ಸುರಕ್ಷಿತವಾಗಿದೆ ಎಂಬ ವರದಿಗೆ ಸಹಿ ಹಾಕಿ ಕಳಿಸಿದಳು.

ಶುಕ್ರವಾರ ಮಧ್ಯಾಹ್ನ ಕಚೇರಿಯಲ್ಲಿ ಗೇಜನ್ನು ಒಳಗಿಡುವಾಗ ಅದು ಬಿದ್ದದ್ದು ನೆನಪಾಯಿತು. ತಾಳೆ ನೋಡಲೆಂದೇ ಮೂಲೆಯಲ್ಲಿಟ್ಟಿದ್ದ ಉಕ್ಕಿನ ಚೌಕಟ್ಟಿಗೆ ಹಚ್ಚಿ ನೋಡಿದಳು. ಮುಳ್ಳು ಮೂರು ಮಿಲಿಮೀಟರ್ ಕಡಿಮೆ ತೋರಿಸುತ್ತಿತ್ತು. ಮತ್ತೆ ಹಚ್ಚಿದಳು. ಮತ್ತೆ ಮೂರು.

ವರದಿ ತೆರೆದು ಒಂದೊಂದೇ ಅಂಕಿಗೆ ಮೂರು ಕೂಡಿಸುತ್ತ ಹೋದಳು. ಇನ್ನೂರ ಹನ್ನೆರಡು ಅಳತೆಗಳಲ್ಲಿ ಇನ್ನೂರ ಹನ್ನೊಂದು ಮೂರು ಕೂಡಿಸಿದರೂ ಮಿತಿಯೊಳಗೇ ಇದ್ದವು. ಏಳನೆಯ ಕಿಲೋಮೀಟರಿನ ತಿರುವಿನಲ್ಲಿದ್ದ ಒಂದು ಮಾತ್ರ ಮಿತಿ ದಾಟಿತ್ತು. ದಾಟಿದ್ದು ಒಂದೇ ಒಂದು ಮಿಲಿಮೀಟರ್.

ಒಂದು ಮಿಲಿಮೀಟರ್! ಆ ತಿರುವಿನಲ್ಲಿ ರೈಲುಗಳು ದಿನವೂ ಓಡಾಡುತ್ತಿದ್ದವು. ಸೋಮವಾರ ಏನಾದರೂ ನೆಪ ಹೇಳಿ ಹೋಗಿ, ಇನ್ನೊಮ್ಮೆ ಅಳೆದು, ವರದಿ ತಿದ್ದಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲವೆಂದು ಅವಳು ಯಾವತ್ತೂ ಹೇಳಿಲ್ಲ. ಬಂತು, ಒಂದೆರಡು ನಿಮಿಷ ತಲೆಯಲ್ಲಿ ಕೂತೂ ಇತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಶಾಲೆಯ ಮಕ್ಕಳನ್ನು ಹೊತ್ತ ರೈಲು ಒಂದೂ ಇಪ್ಪತ್ತಕ್ಕೆ ಆ ತಿರುವಿಗೆ ಬರುವುದಿತ್ತು. ಅವಳು ಫೋನ್ ಎತ್ತಿಕೊಂಡಳು.

ಆ ಮಾರ್ಗದ ವ್ಯವಸ್ಥಾಪಕಿ ಫ್ರೌ, ಎಂದರೆ ಶ್ರೀಮತಿ, ಹೋಲ್ಸ್‌ಲೆ ಮೊದಲು ನಂಬಲಿಲ್ಲ. "ನಿನ್ನೆ ಸಂಜೆಯಷ್ಟೇ ನೀವೇ ಸಹಿ ಹಾಕಿದ್ದೀರಿ!"

"ಹೌದು. ಆ ಸಹಿ ತಪ್ಪು. ತಪ್ಪು ನನ್ನದು. ತಿರುವನ್ನು ಈಗಲೇ ಮುಚ್ಚಿ."

"ವಾರಾಂತ್ಯಕ್ಕೆ ನಾನು ಬಸ್ಸುಗಳನ್ನು ಎಲ್ಲಿಂದ ತರಲಿ?"

"ಗೊತ್ತಿಲ್ಲ. ಆದರೆ ಮುಚ್ಚಬೇಕು."

ಆ ಕಡೆ ಫೋನ್ ಕುಕ್ಕಿದ ಸದ್ದು. ಹತ್ತು ನಿಮಿಷಕ್ಕೆ ಮಾರ್ಗ ಮುಚ್ಚಿದ ಸಂದೇಶ ಬಂತು. ಮಕ್ಕಳು ಹಿಂದಿನ ಸ್ಟೇಷನ್ನಿನಲ್ಲೇ ಇಳಿದು, ಗೊಣಗುತ್ತ ಬಸ್ಸಿಗೆ ಕಾದರು.

ಮೇಲಧಿಕಾರಿ ಬ್ರೆನೆಕೆ ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಇದನ್ನು ಬರೆದುಕೊಡಬೇಕಾಗುತ್ತದೆ. ನಿಮ್ಮ ಕಡತಕ್ಕೆ ಹೋಗುತ್ತದೆ."

"ಬರೆದಿದ್ದೇನೆ" ಎಂದು ಅವಳು ಹಾಳೆ ಮುಂದಿಟ್ಟಳು. ಗೇಜ್ ಬಿದ್ದದ್ದು, ಕಾರಿನವರೆಗೆ ಹೋಗದೆ ಇದ್ದದ್ದು, ಎರಡೂ ಅದರಲ್ಲಿದ್ದವು.

ಮನೆಗೆ ಬಂದಾಗ ಅವಳ ಮುಖ ನೋಡಿಯೇ ಉದಯ ಎದ್ದು ನಿಂತ. "ಯಾಕ, ಮಾರಿ ಹಿಂಗ್ಯಾಕ ಆಗೇದ? ಏನಾತು ಆಫೀಸ್‌ನ್ಯಾಗ?"

ಅವಳು ಹೇಳಿದಳು. "ಪ್ರಮೋಷನ್ ಲಿಸ್ಟ್‌ನ್ಯಾಗ ನಿನ್ನ ಹೆಸರಿತ್ತಲ್ಲ?"

"ಇತ್ತು. ಈಗ ಇರೂದಿಲ್ಲ."

"ಒಂದ್ ಮಿಲಿಮೀಟರ್‌ಗೆ ಇಷ್ಟೆಲ್ಲಾ..."

"ಒಂದ ಇರಲಿ, ಹತ್ತ ಇರಲಿ. ಸರಿ ಐತಿ ಅಂತ ಸಹಿ ಮಾಡಿದಾಕಿ ನಾನ ಹೌದಲ್ಲೋ?"

ಅವನು ಒಳಗೆ ಹೋಗಿ ಚಹಾಕ್ಕಿಟ್ಟ. ಹನ್ನೆರಡರ ಮಗಳು ನಿಶ್ಚಿತಾ ಸೋಫಾದಿಂದ ತಲೆಯೆತ್ತಿ, "ಮಾಮಾ, ಅಲೆಸ್ ಓಕೆ?" ಎಂದಳು. ಅಮ್ಮಾ, ಎಲ್ಲ ಸರಿಯಿದೆಯಾ ಎಂದು ಕೇಳುವುದು ಅವಳಿಗೆ ಜರ್ಮನ್‌ನಲ್ಲೇ ಬರುತ್ತಿತ್ತು. "ನಾಳೆ ಸರಿ ಆಗ್ತದ ಪುಟ್ಟಿ" ಎಂದಳು ತಾಯಿ.

ಶನಿವಾರ ಬೆಳಿಗ್ಗೆ ಮಧುಮತಿ ಬೇರೆ ಗೇಜ್ ಹಿಡಿದು ಎರ್ಲೆನ್‌ಟಾಲ್‌ಗೆ ಹೋದಳು. ಜೊತೆಗೆ ಬಂದವನು ಆ ಮಾರ್ಗದ ಹಳೆಯ ಹಳಿಗಾರ ಲುಡ್‌ಗರ್. ಮೂವತ್ತೊಂದು ವರ್ಷ ಅಲ್ಲೇ ದುಡಿದವನು. ರಜೆ ಕೆಟ್ಟಿತೆಂಬ ಸಿಟ್ಟಿನಲ್ಲಿ ಮೊದಲ ಎರಡು ಕಿಲೋಮೀಟರ್ ಅವನು ಬಾಯಿಯೇ ಬಿಡಲಿಲ್ಲ. ಅವಳು ತಿರುವನ್ನಷ್ಟೇ ಅಳೆದು ವಾಪಸಾಗಬಹುದಿತ್ತು. ಆದರೆ ಮೊದಲ ಸ್ಟೇಷನ್ನಿನಿಂದಲೇ ಶುರುಮಾಡಿದಳು; ರೈಲುಗಳಿಗೆ ದಾರಿ ಬಿಟ್ಟು ಕಾಯುವುದಿರಲಿಲ್ಲವಾದ್ದರಿಂದ ಮೂರು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯುವಂತಿತ್ತು. ತುಂತುರು ಹಿಡಿದುಕೊಂಡಿತು. ಇಪ್ಪತ್ತು ಅಳತೆಗೊಮ್ಮೆ ಅವಳು ಗೇಜನ್ನು ತಾಳೆ ನೋಡುವುದನ್ನು ಕಂಡು ಅವನೇ ಆ ಪೆಟ್ಟಿಗೆಯನ್ನು ಹೊತ್ತುಕೊಂಡ.

ಏಳನೆಯ ಕಿಲೋಮೀಟರಿನ ತಿರುವು ಬಂತು. ಗೇಜ್ ಇಟ್ಟಳು. ಮಿತಿಗಿಂತ ಒಂದು ಮಿಲಿಮೀಟರ್ ಹೆಚ್ಚು, ಲೆಕ್ಕ ಹಾಕಿದಷ್ಟೇ.

"ಇಷ್ಟಕ್ಕೇನಾ?" ಎಂದ ಲುಡ್‌ಗರ್.

ಅವಳು ಮಂಡಿಯೂರಿ, ಹಳಿಯಡಿಯ ಅಡ್ಡದಿಮ್ಮಿ, ಆ ಸ್ಲೀಪರಿನ ಮೇಲಿನ ಜಲ್ಲಿ ಸರಿಸಿದಳು. ಮರದ ಮೇಲ್ಮೈ ಗಟ್ಟಿಯಾಗಿಯೇ ಇತ್ತು. ಅವನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು ಹಳಿಯನ್ನು ಹಿಡಿದಿದ್ದ ಸ್ಕ್ರೂ ತಿರುಗಿಸಿದಳು. ಅದು ಬೆಣ್ಣೆಯಿಂದ ಎಳೆದಂತೆ ಮೇಲೆ ಬಂತು. ಅದರ ಸುತ್ತುಗಳಿಗೆ ಕೊಳೆತ ಮರದ ಕಪ್ಪು ಪುಡಿ ಅಂಟಿತ್ತು. ಲುಡ್‌ಗರ್ ಮೊಣಕಾಲೂರಿ ಪಕ್ಕದ್ದನ್ನು ಎಳೆದ. ಅದೂ ಬಂತು. ಸಾಲಾಗಿ ಆರು ಸ್ಲೀಪರುಗಳು ಒಳಗೊಳಗೇ ಕೊಳೆತಿದ್ದವು. ರೈಲಿನ ಭಾರ ಬಿದ್ದಾಗ ಆ ಹಳಿ ಎಷ್ಟು ಸರಿಯುತ್ತಿತ್ತೋ ಹೇಳಲಾಗದು.

ಲುಡ್‌ಗರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೋದ ತಿಂಗಳು ಇದರ ಮೇಲೇ ನಡೆದುಹೋದೆ" ಎಂದ. "ನಾನೂ ಬುಧವಾರ ನಡೆದುಹೋದೆ" ಎಂದಳು ಮಧುಮತಿ. ಉಳಿದ ಒಂಬತ್ತು ಕಿಲೋಮೀಟರ್ ಇಬ್ಬರೂ ಮಾತಾಡುತ್ತ ಮುಗಿಸಿದರು. ಅವಳ ಡಬ್ಬಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅವನಿಗೆ ಹಿಡಿಸಿತು. ಖಾರಕ್ಕೆ ಮೂಗು ಒರೆಸಿಕೊಂಡೇ ತಿಂದ.

ಭಾನುವಾರ ಹೊಸ ಸ್ಲೀಪರುಗಳು ಬಂದು ಕೂತವು. ಸೋಮವಾರ ಬೆಳಿಗ್ಗೆ ರೈಲು ಓಡಿತು. ಆ ಹಳಿ ಇನ್ನೊಂದು ವರ್ಷ ಹಾಗೇ ತಾಳಿಕೊಳ್ಳುತ್ತಿತ್ತೋ, ಆ ಶುಕ್ರವಾರವೇ ಬಿಟ್ಟುಕೊಡುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಮಧುಮತಿಗೂ ಗೊತ್ತಿಲ್ಲ, ಗೊತ್ತಿದ್ದಂತೆ ಮಾತಾಡುವುದೂ ಇಲ್ಲ. ಬಡ್ತಿ ಆ ವರ್ಷ ಬೇರೆಯವರಿಗೆ ಹೋಯಿತು.

ಈ ಚಳಿಗಾಲದಲ್ಲಿ ಉದಯ ವಿಮೆಯ ಯಾವುದೋ ಕಾಗದ ಹುಡುಕುವಾಗ ಅವಳ ಕಪಾಟಿನಲ್ಲಿ ಒಂದು ಪತ್ರ ಸಿಕ್ಕಿತು. ಫ್ರೌ ಹೋಲ್ಸ್‌ಲೆ ಕಚೇರಿಗೆ ಬರೆದದ್ದರ ಪ್ರತಿ. ಎರಡೇ ಸಾಲು. ಮುಂದಿನ ತಪಾಸಣೆಗೂ ಫ್ರೌ ಮಧುಮತಿಯವರನ್ನೇ ಕಳಿಸಬೇಕು, ಬೇರೆಯವರು ಬೇಡ ಎಂದಿತ್ತು.

"ಇದನ್ನ ನನಗ ತೋರಿಸಲೇ ಇಲ್ಲಲ್ಲ?" ಎಂದ.

ಅವಳು ಬೂಟಿನ ದಾರ ಬಿಗಿಯುತ್ತಿದ್ದಳು. "ಅದರಾಗ ತೋರಸೂದೇನೈತಿ? ಕೆಲಸಕ್ಕ ಕರದಾರ, ಹೊಂಟೀನಿ" ಎಂದು ಬಾಗಿಲೆಳೆದುಕೊಂಡು ಹೊರಟಳು.