ಬೀಗರು ಊದಿದ ಸೀಟಿ

ಬಾಸ್ಕೆಟ್‌ಬಾಲ್ ಬಗ್ಗೆ ನನಗ ಏನೇನೂ ಗೊತ್ತಿಲ್ಲ ನೋಡ್ರಿ. ಬಾಲು ಬುಟ್ಟ್ಯಾಗ ಬೀಳಬೇಕು, ಬುಟ್ಟಿಗೆ ತಳ ಇರಂಗಿಲ್ಲ, ಇಷ್ಟ ಗೊತ್ತು. ಆದ್ರ ಬಾಸ್ಕೆಟ್‌ಬಾಲ್ ಕೋಚಿನ ಸಿಟ್ಟಿನ ಬಗ್ಗೆ ಕೇಳ್ರಿ, ಕುಂದ್ರಿಸಿಕೊಂಡು ಪಾಠ ಮಾಡ್ತೀನಿ. ಅಂಥವ್ರ ಜೊತಿಗೇ ಸಂಸಾರ ಮಾಡಾಕತ್ತೀನಿ.

ನಮ್ಮ ಮನಿಯವ್ರು ಕೊಟ್ಟೂರಾಗ ಕಾಲೇಜ್ ಹುಡುಗ್ಯಾರಿಗೆ ಕೋಚು. ಮನ್ಯಾಗ ಬೆಕ್ಕಿಗೂ ಬೈಯಂಗಿಲ್ಲ. ಗ್ರೌಂಡಿಗೆ ಇಳಿದ್ರ ಮುಗೀತು, ಇವ್ರು ಒದರೋದು ಬಸ್‌ಸ್ಟ್ಯಾಂಡಿಗೆ ಕೇಳಸ್ತೈತಿ. ಹಿಂದೊಮ್ಮೆ ನಮ್ಮ ಮಗಳು ಚೈತ್ರಾನ ನೋಡಾಕ ಬಂದವ್ರೊಬ್ರು ಉಪ್ಪಿಟ್ಟು ತಿನ್ಕೊಂತ, "ಆಟಪಾಟ ಎಲ್ಲಾ ಟೈಮ್ ವೇಸ್ಟ್ ಬಿಡ್ರಿ" ಅಂದ್ರು. ಚಾ ಬರೋದ್ರೊಳಗ ಇವ್ರು ಚಪ್ಪಲಿ ತೋರಿಸಿದ್ರು. ತಪ್ಪು ತಿಳೀಬ್ಯಾಡ್ರಿ, ಅವ್ರು ಬಿಟ್ಟ ಚಪ್ಪಲಿ ಎಲ್ಲಿ ಅದಾವ ಅಂತ ತೋರಿಸಿದ್ರು.

ಅದಕ್ಕ ಈ ಸಲ ಹಗರಿಬೊಮ್ಮನಹಳ್ಳಿ ಸಂಬಂಧ ಕೂಡಿ ಬಂದಾಗ ಕೈ ಮುಗಿದು ಹೇಳಿದ್ದೆ, "ಎಲಿ-ಅಡಿಕಿ ಶಾಸ್ತ್ರ ಮುಗಿಯೋ ತನಕ ಬಾಯಿ ಹಿಡೀರಿ" ಅಂತ. ಹುಡುಗ ಚೈತ್ರಾಗ ಬಾಳ ಮನಸಿಗೆ ಬಂದಿದ್ದ. ಇದೂ ತಪ್ಪಿದ್ರ ಆಕಿ ಮಕ ನೋಡೋದು ಹೆಂಗ? ಹುಡುಗನ ಅಪ್ಪನೂ ಪಿ.ಟಿ. ಮೇಷ್ಟ್ರು, ಹಂಗಾಗಿ ಎಲ್ಲಾ ಚೊಲೊ ನಡೆದಿತ್ತು. ಶಾಸ್ತ್ರಕ್ಕ ವಾರ ಇತ್ತು ಅನ್ನುವಾಗ ನಮ್ಮ ಹುಡುಗ್ಯಾರಿಗೂ ಹರಪನಹಳ್ಳಿ ಹುಡುಗ್ಯಾರಿಗೂ ಫೈನಲ್ ಬಿತ್ತು. ರೆಫರಿ ಯಾರು ಅಂದ್ರ, ಇದ ಬೀಗರು.

ನಮ್ಮ ಭಾಷಿ ಮಾಡಿದವ್ರು ಎಂಥ ಶಾಣ್ಯಾರು ನೋಡ್ರಿ. ಬಾಗಿಲಿಗೆ ಹಾಕೋದೂ ಬೀಗ, ಮಗಳ ಮಾವನೂ ಬೀಗ. ಎದಿ ಉಬ್ಬಿಸಿ ತಿರುಗಿದ್ರ ಅದಕ್ಕೂ ಬೀಗೋದು ಅಂತೀವಿ. ಪಂಡಿತರು ಒಂದೊಂದಕ್ಕೂ ಬ್ಯಾರೆ ಬ್ಯಾರೆ ಬೇರು ತೋರಿಸ್ಬಹುದು. ನಾನಂತೂ ಎಲ್ಲಾನೂ ಒಂದ ಗ್ರೌಂಡಿನ್ಯಾಗ ಕಂಡೆ. ಬೀಗರು ಸೀಟಿ ಹಿಡ್ಕೊಂಡು ಬೀಗಿದ್ರು, ಇವ್ರ ಬಾಯಿಗೆ ಬೀಗ ಬಿತ್ತು.

ಬೀಗರಿಗೆ ಒಂದ ಚಿಂತಿ, ಸಂಬಂಧಿಕರ ಕಡಿ ಊದಿದ್ರು ಅಂತ ಮಂದಿ ಅಂದಾರು ಅಂತ. ಹಂಗಾಗಿ ನಮ್ಮ ಹುಡುಗ್ಯಾರು ಉಸಿರಾಡಿದ್ರೂ ಫೌಲು. ಆ ಕಡೀ ಹುಡುಗಿ ಬಾಲು ಪುಟಿಸದ, ಬಗಲಾಗ ಇಟ್ಕೊಂಡು ಸಂತಿಗೆ ಹೊಂಟಂಗ ಹೋದ್ರೂ ಸೀಟಿ ಇಲ್ಲ. ನಮ್ಮ ರೇಣುಕಾ ಹಡಗಲಿ ಹುಡುಗಿ, ಜಡಿಯಾಗ ಮಲ್ಲಿಗಿ ಇರಲೇಬೇಕು. ಆ ಹೂವು ಕೋರ್ಟಿನ್ಯಾಗ ಉದುರಿತ್ತು ಅಂತ ಆಕಿ ಹಾಕಿದ ಪಾಯಿಂಟನ್ನ ಲೆಕ್ಕಕ್ಕ ಹಿಡೀಲಿಲ್ಲ.

ಇವ್ರು? ಬೆಂಚಿನ ತುದಿಗೆ ಕೈ ಕಟ್ಕೊಂಡು ಕುಂತು, "ಇರ್ಲಿ ಬಿಡ್ರವ್ವ, ಆಡ್ರಿ" ಅಂತಿದ್ರು. ನೀರು ಕುಡಿಯಾಕ ಬಂದ ರೇಣುಕಾ, ಹಿಂದ ಚೈತ್ರಾನ ಜೊತಿ ಕುಂತಿದ್ದ ನನ್ನ ಮೆಲ್ಲಕ ಕೇಳಿದ್ಲು, "ಅಮ್ಮಾರ, ಸರ್‌ಗೆ ಮೈಯಾಗ ಆರಾಮಿಲ್ಲೇನ್ರಿ?"

ಮಜಾ ಏನಂದ್ರ, ಒದರೋರು ಇಲ್ಲದ್ದಕ್ಕ ಹುಡುಗ್ಯಾರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತು. ಅಷ್ಟು ಫೌಲಿನ ನಡುವೂ ಎರಡು ಪಾಯಿಂಟ್ ಮುಂದ ಬಂದ್ರು. ಇನ್ನೇನು ಆಟ ಮುಗೀಬೇಕು, ಅಲ್ಲಾಡದ ನಿಂತಿದ್ದ ರೇಣುಕಾಗ ಎದುರಿನಾಕಿ ಬಾಲು ಹಿಡ್ಕೊಂಡು ಬಂದು ಡಿಕ್ಕಿ ಹೊಡೆದ್ಲು. ಬೀಗರು ಫೌಲು ಕೊಟ್ಟಿದ್ದು ರೇಣುಕಾನ ಮ್ಯಾಲ. ಇವ್ರ ಕಿವಿ ಕೆಂಪಗಾದ್ವು, ಬೆಂಚು ಬಿಟ್ಟು ಎದ್ರು. ಸಂಬಂಧ ಹೋತು ಅಂತ ನಾನು ಕಣ್ಣು ಮುಚ್ಚಿದೆ.

ದನಿ ಬಂದಿದ್ದು ನನ್ನ ಪಕ್ಕದಿಂದ. ಚೈತ್ರಾ ಎದ್ದು ನಿಂತಿದ್ಲು. "ಮಾವಾರ, ಆಕಿ ಗ್ವಾಡಿ ಹಂಗ ನಿಂತಿದ್ಲು. ಗ್ವಾಡಿಗೆ ಬಡ್ಕೊಂಡ್ರ ಗ್ವಾಡಿದು ತಪ್ಪೇನ್ರಿ?"

ಬೀಗರು ಆಕಿನ್ನ ನೋಡಿದ್ರು, ರೇಣುಕಾನ್ನ ನೋಡಿದ್ರು, ಸುಮ್ನ ಕೈ ತಿರುಗಿಸಿ ಫೌಲನ್ನ ಆ ಕಡಿಗೆ ಕೊಟ್ರು. ಆಮ್ಯಾಲ, ಗದ್ಲ ಮಾಡಿದ್ದಕ್ಕ ಅಂತ ನಮ್ಮ ಕೋಚಿನ ಮ್ಯಾಲೂ ಒಂದು. ಇಡೀ ಆಟ ತುಟಿ ಪಿಟಕ್ಕನ್ನದ ಮನಿಷ್ಯಾನ ಮ್ಯಾಲ. ಅದರಿಂದ ಅವ್ರಿಗೊಂದು ಪಾಯಿಂಟ್ ಹೋತು. ಒಂದು ಪಾಯಿಂಟಿನಿಂದ ನಾವು ಗೆದ್ವಿ.

ಹುಡುಗ್ಯಾರು ಕಪ್ ಎತ್ಕೊಂಡು ಕುಣಿಯಾಕತ್ತಿದ್ರು. ಇವ್ರು ಮಾತ್ರ ನನ್ನ ಹತ್ರ ಬಂದು, "ನಾನು ಬಾಯಿ ಮುಚ್ಕೊಂಡಿದ್ದು ದಂಡ ಆತಲ್ಲೇ, ಈಕಿ ನನ್ನ ಮಗಳು ಅನ್ನೋದ ಮರ್ತಿದ್ದೆ" ಅಂದ್ರು. ಅಷ್ಟರಾಗ ಬೀಗತಿ, ಅಂದ್ರ ಹುಡುಗನ ಅವ್ವ, ಹಿಂದಿನ ಸಾಲಿನಿಂದ ಇಳಿದು ನಮ್ಮ ಕಡಿಗೇ ಬಂದ್ರು. ಈಗ ಸಂಬಂಧ ಬ್ಯಾಡ ಅಂತಾರ ಅಂದ್ಕೊಂಡೆ. ಅವ್ರು ನನ್ನ ಕೈ ಗಟ್ಟಿ ಹಿಡ್ಕೊಂಡು, ಗಂಡ ದೂರ ಅದಾರ ಅನ್ನೋದನ್ನ ಖಾತ್ರಿ ಮಾಡ್ಕೊಂಡು ಕಿವಿಯಾಗ ಅಂದ್ರು:

"ಅಕ್ಕಾರ, ಮದಿವಿ ಬ್ಯಾಸಗಿಗೆ ಅಂದಿದ್ವೆಲ್ರಿ, ಅಷ್ಟು ತಡ ಬ್ಯಾಡ. ನಮ್ಮ ಮನಿಯವ್ರಿಗೆ ನಾನೊಬ್ಬಾಕಿನ ಹೇಳಿ ಹೇಳಿ ಸೋತೀನಿ. ಹುಡುಗಿನ್ನ ಲಗೂನ ಕಳಿಸ್ರಿ."