ಎಡದ ಎತ್ತು, ಬಲದ ಅಂಚು

ಹೊರದೇಶದಲ್ಲಿ ಫುಟ್‌ಬಾಲ್ ಆಡಿ ಬಂದವನು ಎಂದು ಗೊತ್ತಾದರೆ ಜನ ಮೊದಲು ಕೇಳುವುದು, ಎಷ್ಟು ಗೋಲು ಹೊಡೆದಿರಿ ಎಂದು. ಕೇಳಬೇಕಾದ್ದು ಅದಲ್ಲ, ಎಷ್ಟು ಕಾಲ ಅಲ್ಲಿ ಉಳಿದಿರಿ ಎಂದು. ಗೋಲು ಗಾಳಿ ಬೀಸಿದರೂ ಆಗುತ್ತದೆ. ಉಳಿಯುವುದು ವ್ಯಾಪಾರ, ಅದಕ್ಕೆ ಬುದ್ಧಿ ಬೇಕು. ನನ್ನ ಬುದ್ಧಿಯ ಮೇಲೆ ನನಗೆ ಬಹಳ ಭರವಸೆಯಿತ್ತು. ಮಾಲ್ಡೀವ್ಸ್‌ನಿಂದ ಅರ್ಧ ಸೀಸನ್‌ಗೇ ಗಂಟುಮೂಟೆ ಕಟ್ಟುವ ಹೊತ್ತು ಬಂದದ್ದು ಅದರಿಂದಲೇ.

ನಾನು ನಿಪ್ಪಾಣಿ ಹತ್ತಿರದ ಅಕ್ಕೋಳದವನು. ಅಪ್ಪ ದನದ ದಲ್ಲಾಳಿ. ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲಿ ಸಂತೆಯೋ ಅಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ಹಾಜರು. ಆಟ ನನಗೆ ಅಂಟಿದ್ದು ಕೊಲ್ಹಾಪುರದಿಂದ. ನಿಪ್ಪಾಣಿಯಲ್ಲಿ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಆ ಊರು. ಅಲ್ಲಿ ಒಂದೊಂದು ಪೇಟೆಗೂ ಒಂದೊಂದು ತಂಡ. ಮ್ಯಾಚಿನ ದಿನ ಮಾಳಿಗೆಯ ಮೇಲೂ ಜನ. ನಾನು ಎಡಗಾಲಿನವನು, ಕಾಲಿನಲ್ಲಿ ಓಟ ಇತ್ತು. ಹಾಗಾಗಿ ಎಡ ವಿಂಗರ್ ಆದೆ. ವಿಂಗರ್ ಎಂದರೆ ಮೈದಾನದ ಅಂಚಿನ ಸುಣ್ಣದ ಗೆರೆ ಹಿಡಿದು ಓಡಿ, ಕೊನೆಯಲ್ಲಿ ಚೆಂಡನ್ನು ಗೋಲಿನ ಮುಂದಕ್ಕೆ ಹಾಕುವವನು. ಕೊಲ್ಹಾಪುರದಿಂದ ಗೋವಾ, ಗೋವಾದಲ್ಲಿ ಕೆಲವು ವರ್ಷ ಕಳೆದ ಮೇಲೆ ಮಾಲ್ಡೀವ್ಸ್.

ಅಪ್ಪ ನನ್ನ ಆಟವನ್ನು ಒಮ್ಮೆ ಮಾತ್ರ ನೋಡಿದ್ದ. ಮುಗಿದ ಮೇಲೆ ಮಿಸಳ್ ತಿನ್ನುತ್ತ ಹೇಳಿದ: "ಕಾಲು ಚೊಲೊ ಅದಾವು. ಆದ್ರ ನೀ ಎಡದ ಎತ್ತು. ಯಾರರ ಬಲಕ್ಕ ಹೂಡತೀನಂದ್ರ ಒಪ್ಪಬ್ಯಾಡ."

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಸಾಲು ಬಿಡುತ್ತದೆ, ಜೋಡಿಯನ್ನು ನೂಕುತ್ತದೆ, ಕೊನೆಗೆ ನೆಲಕ್ಕೆ ಮೊಣಕಾಲೂರಿ ಕೂತುಬಿಡುತ್ತದೆ. ಸಂತೆಯಲ್ಲಿ ವಯಸ್ಸು ತಿಳಿಯಲು ಹಲ್ಲು ಎಣಿಸುವ ಮೊದಲೇ ಜನ ಯಾವ ಕಡೆಯ ಎತ್ತು ಎಂದು ಕೇಳುತ್ತಾರೆ.

ಮಾಲ್ಡೀವ್ಸ್‌ನ ಕೋಚ್ ಅದನ್ನು ಕೇಳಲಿಲ್ಲ. ಅವನು ಅಲ್ಲಿಯವನೇ, ಸಿನೆಮಾ ನೋಡಿ ಹಿಂದಿ ಕಲಿತವನು. ನನ್ನದು ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹಿಂದಿ. ಇಬ್ಬರ ಹಿಂದಿಯನ್ನೂ ಹಾಗೆಯೇ ಬರೆದರೆ ನಿಮಗೆ ತೊಂದರೆ, ಆದ್ದರಿಂದ ಅಲ್ಲಿಯವರೆಲ್ಲರ ಮಾತನ್ನೂ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ.

"ನಾಳಿಂದ ಬಲಕ್ಕ ಆಡು," ಎಂದ.

"ನಾ ಎಡಗಾಲಿನಾಂವ ಅದೀನ್ರಿ."

"ಗೊತ್ತೈತಿ. ಅದಕ್ಕ ಬಲಕ್ಕ. ಗೆರಿ ಬಿಟ್ಟು ಒಳಗ ತಿರುಗು, ಎಡಗಾಲಿಲೆ ಹೊಡಿ."

"ನಮ್ಮ ಕಡೆ ಎಡದ ಎತ್ತನ್ನ ಬಲಕ್ಕ ಹೂಡಂಗಿಲ್ರಿ."

ಕೋಚ್ ನನ್ನ ಮುಖವನ್ನೇ ನೋಡಿದ. ಆ ದ್ವೀಪದಲ್ಲಿ ನಾನು ಒಂದೇ ಒಂದು ಎತ್ತು ಕಂಡವನಲ್ಲ. ನೊಗ, ಸಾಲು, ಜೋಡಿ ಎಲ್ಲವನ್ನೂ ಕೈಸನ್ನೆ ಮಾಡಿ ವಿವರಿಸಿದೆ. ಅವನು ಕೊನೆಯವರೆಗೂ ಕೇಳಿ, "ನೀ ಆಡಾಕ ಬಂದಿಯೋ, ಹೊಲಾ ಮಾಡಾಕ ಬಂದಿಯೋ?" ಎಂದ.

ಆಗ ನಾನು ಸಂತೆಯ ಒಂದು ಪಟ್ಟು ಹಾಕಿದೆ. ಗಿರಾಕಿ ಬಗ್ಗದಿದ್ದರೆ ಗೂಟದಿಂದ ಹಗ್ಗ ಬಿಚ್ಚಿ, ಎತ್ತು ಹಿಡಿದುಕೊಂಡು ಹೊರಡುವುದು. ನಿಜವಾಗಿ ಬೇಕಾದವನು ಹಿಂದಿನಿಂದ "ಬರ್ರಿ ಇಲ್ಲೆ" ಎಂದು ಕೂಗುತ್ತಾನೆ. ಅಪ್ಪ ಹೀಗೆ ಹೊರಟಾಗ ಕೂಗದ ಗಿರಾಕಿಯನ್ನು ನಾನು ನೋಡಿರಲಿಲ್ಲ.

"ಹಂಗಾರ ನಾ ಹೊರಗ ಕುಂದ್ರತೀನ್ರಿ," ಎಂದು ಚೀಲ ಎತ್ತಿಕೊಂಡು ನಡೆದೆ. ನಿಧಾನಕ್ಕೇ ನಡೆದೆ. ಗೇಟಿನ ಹತ್ತಿರ ಬಗ್ಗಿ, ಬಿಚ್ಚದಿದ್ದ ಬೂಟಿನ ಲೇಸನ್ನು ಮತ್ತೊಮ್ಮೆ ಕಟ್ಟಿ ಅವನಿಗೆ ಇನ್ನಷ್ಟು ಸಮಯ ಕೊಟ್ಟೆ. ತಿರುಗಿ ನೋಡಿದರೆ ಕೋಚ್ ಬೇರೊಬ್ಬನಿಗೆ ಕಾರ್ನರ್ ಹೊಡೆಯುವುದನ್ನು ಹೇಳಿಕೊಡುತ್ತಿದ್ದ.

ಹೀಗೆ ನಾನು ಬೆಂಚಿಗೆ ಬಂದೆ. ನನ್ನ ಕರಾರು ಇದ್ದದ್ದು ಅರ್ಧ ಸೀಸನ್‌ಗೆ. ಮುಂದುವರಿಸುವುದು ಬಿಡುವುದು ಅವರ ಕೈಯಲ್ಲಿ. ಹೊರದೇಶದವರಿಗೆ ತಂಡದಲ್ಲಿರುವ ಜಾಗವೂ ಕಡಿಮೆ. ಸ್ವಲ್ಪ ದಿನದಲ್ಲೇ ನೇಪಾಳದಿಂದ ಒಬ್ಬ ವಿಂಗರ್ ಟ್ರಯಲ್‌ಗೆ ಬಂದ, ಹೊರಗಿನ ಆಟಗಾರರೆಲ್ಲ ಇದ್ದ ಮನೆಯಲ್ಲೇ ಇಳಿದ. ಬಹಳ ವಿನಯದವನು. ಮೊದಲ ದಿನವೇ ಮೀನು-ಅನ್ನದ ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತ.

"ಅಣ್ಣಾರ, ನೀವು ಯಾವಾಗ ಹೋಗ್ತೀರಿ?"

"ಎಲ್ಲಿಗೆ?"

"ಊರಿಗೆ. ನಿಮ್ಮ ಖೋಲ್ಯಾಗ ಗಾಳಿ ಚೊಲೊ ಬರ್ತೈತಂತ."

ಅಂದೇ ಅಪ್ಪನಿಗೆ ಫೋನ್ ಮಾಡಿ, ಚೀಲ ಎತ್ತಿಕೊಂಡು ಹೊರಟ ಕತೆ ಹೇಳಿದೆ.

"ಕರದನೇನು?" ಎಂದ ಅಪ್ಪ.

"ಇಲ್ಲೆಪ್ಪ."

"ಹೋಗೋಮುಂದ ಹಿಂದ ತಿರುಗಿ ನೋಡಿದಿ?"

"ನೋಡಿದೆ."

"ಕೆಡಿಸಿದಿ. ತಿರುಗಿ ನೋಡಿದಾಂವನ್ನ ಯಾವ ಗಿರಾಕಿ ಕರಿತಾನು?" ಸ್ವಲ್ಪ ಹೊತ್ತು ಎಲೆ-ಅಡಿಕೆ ಅಗಿಯುವ ಸಪ್ಪಳ. "ಈಗ ನೀನಾಗೇ ಹೋಗಬ್ಯಾಡ, ಅಗ್ಗ ಆಗ್ತಿ. ನಡುವ ಒಬ್ಬ ಮನಷ್ಯಾನ ಹಿಡಿ."

"ಮತ್ತ ಬಲಕ್ಕ ಆಡೋದು?"

"ಊರಿಗೆ ಬಂದು ಎಡಕ್ಕ ಆಡೋದಕ್ಕಿಂತ ಅಲ್ಲೇ ಬಲಕ್ಕ ಆಡೋದು ಬರೋಬ್ಬರಿ. ಈ ಮಾತು ನಾ ಹೇಳೀನಂತ ಯಾರಿಗೂ ಹೇಳಬ್ಯಾಡ."

ನಿಮಗೂ ಇದನ್ನೇ ಹೇಳುತ್ತೇನೆ: ಮುರಿದ ಮಾತನ್ನು ಮುರಿದವರೇ ಜೋಡಿಸಲು ಹೋಗಬಾರದು. ಮೂರನೆಯವನು ಬೇಕು, ಮತ್ತು ಅವನು ಹೆಚ್ಚು ಮಾತಾಡದವನಾಗಿರಬೇಕು. ನಮ್ಮ ತಂಡದ ಬಲಗಡೆಯ ಡಿಫೆಂಡರ್ ಅಂಥವನು. ಎಲ್ಲರಿಗಿಂತ ಹಿರಿಯ, ಗಡ್ಡ ಅರ್ಧ ಬೆಳ್ಳಗಾಗಿತ್ತು, ಬೆಳಗಿನ ಹೊತ್ತು ಬಂದರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದ. ನಾನು ಬಲಕ್ಕೆ ಆಡಿದರೆ ಅವನ ಮುಂದೆಯೇ ಆಡಬೇಕು. ಬಂದರಿಗೆ ಹೋಗಿ, ಚಹಾ ಕುಡಿಸಿ, ಸಂಗತಿ ಹೇಳಿದೆ.

"ಮಾತಾಡತೀನಿ," ಎಂದ. "ನನಗೇನು?"

ಇವನೂ ಸಂತೆಯವನೇ ಎಂದು ಖುಷಿಯಾಯಿತು. "ನೀವ ಹೇಳ್ರಿ."

"ಚೆಂಡು ಅವರ ಕಾಲಿಗೆ ಹೋತಂದ್ರ ನೀ ಹಿಂದ ಓಡಿ ಬರಬೇಕು, ನನ್ನ ಮಟ. ಮುಂದ ನಿಂತು ಸೊಂಟದ ಮ್ಯಾಲ ಕೈ ಇಟಗೊಂಡು ನೋಡಂಗಿಲ್ಲ."

"ಮೊದಲನೇ ಅರ್ಧದಾಗ ಬರ್ತೀನ್ರಿ."

"ಎರಡರಾಗೂ."

"ಎರಡನೇದರಾಗ ದಣಿವು ಇರತೈತ್ರಿ. ಗೆಲ್ಲಾಕತ್ತಿದ್ರ ಬರ್ತೀನಿ."

"ಸೋಲಾಕತ್ತಿದ್ರೂ," ಎಂದು ಅವನು ಸ್ಪ್ಯಾನರ್ ಎತ್ತಿಕೊಂಡು ಇಂಜಿನ್ ಕಡೆ ತಿರುಗಿದ.

ಒಪ್ಪಿದೆ. ನಮ್ಮಲ್ಲಿ ವ್ಯವಹಾರ ಕುದುರಿಸುವುದು ಟವೆಲ್ ಅಡಿಯಲ್ಲಿ ಬೆರಳು ಹಿಡಿದೇ ಎಂದು ಹೇಳಿ, ನನ್ನ ಟವೆಲನ್ನು ಅವನ ಕೈಯ ಮೇಲೆ ಹಾಸಿದೆ. ಅವನು ಅದರಲ್ಲಿ ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಂಡು ಮಡಚಿ ಕೊಟ್ಟ.

ಮುಂದಿನ ಅಭ್ಯಾಸದ ಮ್ಯಾಚಿನಲ್ಲಿ ಎರಡನೇ ಅರ್ಧ ಶುರುವಾಗುವಾಗ ಕೋಚ್ ನನ್ನ ಕಡೆ ನೋಡದೆಯೇ "ಬಲಕ್ಕ" ಎಂದ. ಎಡ ಅಂಚಿನಲ್ಲಿ, ನನ್ನ ಹಳೆಯ ಜಾಗದಲ್ಲಿ, ನೇಪಾಳದವನು ಆಗಲೇ ಓಡುತ್ತಿದ್ದ. ಮೊದಮೊದಲು ನಾನು ಅಪ್ಪ ಹೇಳಿದ ಎತ್ತೇ ಆಗಿದ್ದೆ. ಕಾಲು ತಾನಾಗಿ ಗೆರೆಯ ಕಡೆ ಎಳೆಯುತ್ತಿತ್ತು, ಒದ್ದ ಚೆಂಡು ಜನರ ನಡುವೆ ಬೀಳುತ್ತಿತ್ತು, ಜನ ಅದನ್ನು ಪ್ರೀತಿಯಿಂದ ವಾಪಸ್ ಎಸೆಯುತ್ತಿದ್ದರು. ಆಮೇಲೊಮ್ಮೆ ಚೆಂಡು ಸಿಕ್ಕಾಗ ಗೆರೆ ಬಿಟ್ಟು ಒಳಕ್ಕೆ ತಿರುಗಿದೆ. ನನ್ನನ್ನು ಹಿಡಿಯಬೇಕಾದವನು ಗೆರೆಯ ಕಡೆಗೇ ಹಾರಿದ. ಎಡಗಾಲಿನ ಮುಂದೆ ಮೈದಾನ ಉತ್ತು ಹದಮಾಡಿದ ಹೊಲದ ಹಾಗೆ ತೆರೆದುಕೊಂಡಿತು. ಇಷ್ಟು ವರ್ಷ ಗೆರೆಯ ಅಂಚಿನಿಂದ ಇಣುಕಿ ನೋಡಿದ್ದ ಗೋಲು ಈಗ ಎದುರಿಗೇ ಇತ್ತು. ಹೊಡೆದೆ. ಕೀಪರ್ ತಡೆದ, ತಡೆದದ್ದು ನಮ್ಮವನ ಕಾಲಿಗೇ ಬಿತ್ತು, ಅವನು ಒಳಗೆ ಹಾಕಿದ.

ಕುಣಿಯಲು ಎರಡೂ ಕೈ ಎತ್ತಿದ್ದೆ. ಹಿಂದಿನಿಂದ ದೋಣಿ ಇಂಜಿನ್ನಿನ ಹಾಗೆ ಒಂದು ದನಿ: "ಹಿಂದ ಬಾ."

ಆ ತಿಂಗಳೆಲ್ಲ ಮುಂದಕ್ಕೆ ಓಡಿದಷ್ಟೇ ಹಿಂದಕ್ಕೂ ಓಡಿದೆ. ಕೊನೆಗೆ ಕೋಚ್ ಕರೆದು ಉಳಿದ ಸೀಸನ್ ಅಷ್ಟೇ ಅಲ್ಲ, ಮುಂದಿನದಕ್ಕೂ ಕರಾರು ಮಾಡೋಣ ಎಂದ. ನೇಪಾಳದ ಹುಡುಗ ಬೇರೆ ತಂಡಕ್ಕೆ ಹೋದ. ಹೋಗುವ ಮೊದಲು ನನ್ನ ಕೋಣೆಗೆ ಬಂದು, ಗಾಳಿ ನಿಜವಾಗಿಯೂ ಚೆನ್ನಾಗಿದೆ ಎಂದು ಒಪ್ಪಿಕೊಂಡ.

ಸಹಿ ಮಾಡುವಾಗ ನಾನು ಕೋಚ್‌ಗೆ, "ಆ ಹಿರಿಯರ ಉಪಕಾರ ಮರಿಯಂಗಿಲ್ರಿ," ಎಂದೆ.

"ಉಪಕಾರ?" ಕೋಚ್ ನಕ್ಕ. "ಈ ಸಲ ಅಂವನ್ನ ತೆಗಿಯಾಂವ ಇದ್ದೆ ನಾ. ಮೊಣಕಾಲು ಹೋಗ್ಯಾವು. ಅಂವ ಬಂದು, ಆ ಎಡಗಾಲಿನ ಹುಡುಗನ್ನ ನನ್ನ ಮುಂದ ಹಾಕು, ಹಿಂದ ಓಡಿ ಬರೋದು ಅಂವನ ಜವಾಬ್ದಾರಿ, ನಾ ಇನ್ನೊಂದು ವರ್ಷ ಆಡತೀನಿ ಅಂದ. ಇಬ್ಬರನೂ ಜೋಡಿಲೆ ಇಟಗೊಂಡೆ."

ಹೊರಗೆ ಬಂದು ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಕರಾರಿನ ಸುದ್ದಿಗೆ "ಹ್ಞೂಂ" ಎಂದ. ಡಿಫೆಂಡರನ ಸುದ್ದಿ ಬಂದಾಗ ಎಲೆ-ಅಡಿಕೆ ಉಗುಳಿ ಬಂದು, ಮೊದಲಿನಿಂದ ಮತ್ತೊಮ್ಮೆ ಹೇಳು ಎಂದ. ಹೇಳಿದೆ.

"ಎರಡೂ ಕಡೆ ದಲಾಲಿ ತಿಂದಾನಲ್ಲೋ," ಎಂದ, ಬಹಳ ಗೌರವದಿಂದ. "ಅಂವನ ನಂಬರ್ ಇದ್ರ ಕೊಡು."