ಮೋತಿಗೆ ಹಚ್ಚಿದ ಎಣ್ಣೆ

ನಮ್ಮೂರು ಪಾಳಾದಲ್ಲಿ ಪಕ್ಕದ ಮನೆಯ ಆಯಿಯ ಎರಡೂ ಕಾಲು, ಮೊಣಕಾಲಿನಿಂದ ಪಾದದವರೆಗೆ, ಎಣ್ಣೆ ಕುಡಿದು ಕುಡಿದು ಫಳಫಳ ಹೊಳೆಯುತ್ತಿದ್ದವು. ಮುಖವೆಲ್ಲ ಸುಕ್ಕು, ಕುತ್ತಿಗೆಯೆಲ್ಲ ಸುಕ್ಕು. ಕಾಲು ಮಾತ್ರ ಹದಿಹರೆಯದ ಹುಡುಗಿಯವು. ನಮ್ಮ ಓಣಿಯ ಕೂಸುಗಳೆಲ್ಲ ಆ ಕಾಲಿನ ಮೇಲೆ ಮಲಗಿ ಎಣ್ಣೆ ತಿಕ್ಕಿಸಿಕೊಂಡು, ಬಿಸಿನೀರು ಎರೆಸಿಕೊಂಡು, ಓಣಿಗೆ ಓಣಿಯೇ ಎದ್ದು ಬರುವಂತೆ ಕಿರುಚಿ, ಆಮೇಲೆ ಗಡದ್ದಾಗಿ ನಿದ್ದೆ ಹೊಡೆದವು. ನನ್ನ ಮಗನೂ ಅವರಲ್ಲೊಬ್ಬ.

ಮಧ್ಯಾಹ್ನವಾದರೆ ಅದೇ ಕಾಲಿನ ಮೇಲೆ ಮೋತಿ. ಮೋತಿ ಆಯಿಯ ನಾಯಿ. ಕಂದು ಮೈ, ಒಂದು ಕಿವಿ ಹರಿದಿತ್ತು, ಜಾತಿಗೀತಿ ಏನೂ ಇಲ್ಲ. ಬಿಸಿಲಿಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಆಯಿ ಅವನ ಕಿವಿ ಮಗುಚಿ, ಉಣ್ಣಿ ಕಿತ್ತು ಕಿತ್ತು ಚಿಮಣಿ ಎಣ್ಣೆಯ ಬಟ್ಟಲಿಗೆ ಹಾಕುವಳು. ನಮ್ಮ ಅತ್ತೆ ಮೂಗು ಮುರಿಯುತ್ತಿದ್ದರು. "ಕೂಸು ಮಲಗೂ ಕಾಲಮ್ಯಾಲೆ ನಾಯಿ ಮಲಗಸ್ತೀಯಲ್ಲ, ನಿನಗೇನ್ ಹೇಸಿಗಿ ಇಲ್ಲೇನು?"

"ನಡುವ ಕಾಲು ತೊಳಕೋತೇನಿ ತಗೋ. ನಿನ್ನ ಮಮ್ಮಗ ನನ್ನ ಸೀರಿಮ್ಯಾಲೆ ಏನೇನ್ ಮಾಡ್ಯಾನ ಹೇಳ್ಲೇನು? ಮೋತಿ ಒಂದಿನಾನೂ ಹಂಗ ಮಾಡಿಲ್ಲ."

ಹಳಿಯಾಳದಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಬೇಲಿಯಾಚೆಯಿಂದ ಅದನ್ನು ಕಂಡ ಆಯಿ ಕರೆದು ಮುಂದೆ ಕೂರಿಸಿಕೊಂಡು ನೆತ್ತಿಗೆ ಎಣ್ಣೆ ತಟ್ಟಿದಳು. "ಎಣ್ಣಿಗೆ ಬಗ್ಗದ ಬ್ಯಾನಿ ಇಲ್ಲ ತಂಗಿ" ಅಂದಳು. ಆ ಊರಿನಲ್ಲಿ ನನ್ನನ್ನು ಮೊದಲು ಮುಟ್ಟಿ ಸಂತೈಸಿದ್ದು ಅವಳೇ. ಇಲ್ಲದಿದ್ದರೆ ನಾನು ಗಂಟು ಕಟ್ಟಿಕೊಂಡು ತವರಿಗೆ ಹೋಗಿಬಿಡುತ್ತಿದ್ದೆ.

ಬರಬರುತ್ತ ಆಯಿಯ ಕಣ್ಣಿಗೆ ಪೊರೆ ಬಂತು. ಕೂಸಿಗೆ ಕಣ್ಣು ಮುಚ್ಚಿಕೊಂಡೂ ಎರೆಯಬಲ್ಲಳು. ಉಣ್ಣಿ ಮಾತ್ರ ಕಾಣಿಸುತ್ತಿರಲಿಲ್ಲ. ಆ ವರ್ಷ ಮಳೆ ಹಿಂದೆಗೆದ ಮೇಲೆ ಮೋತಿಯ ಕಿವಿ, ಬೆರಳ ಸಂದಿ, ಎಲ್ಲಿ ನೋಡಿದರೂ ಉಣ್ಣಿ. ಅವನು ಕೆರೆದುಕೊಂಡು ಕೆರೆದುಕೊಂಡು ಮೈಯೆಲ್ಲ ಹುಣ್ಣು. ಆಯಿಗೆ ಅದನ್ನು ತಡೆಯಲಾಗಲಿಲ್ಲ. ಎಮ್ಮೆಯ ಉಣ್ಣಿಗೆಂದು ಅವಳ ಮಗ ತಂದಿಟ್ಟಿದ್ದ ಔಷಧದ ಬಾಟಲಿ ಗೋಡೆಯ ಗೂಡಿನಲ್ಲಿತ್ತು. ಎಮ್ಮೆಗಾದರೆ ಅದನ್ನು ಬಕೆಟ್ ನೀರಿಗೆ ಒಂಚೂರು ಹಾಕಿ ಒರೆಸುತ್ತಿದ್ದರು. ನೀರು ಕೂಡಿಸಿದರೆ ಔಷಧದ ಕಸುವು ಹೋಗುತ್ತದೆ ಎಂದುಕೊಂಡ ಆಯಿ, ಮಗ ಗದ್ದೆಗೆ ಹೋದ ಮೇಲೆ ಅದನ್ನು ಹಾಗೇ ಅರಿವೆಗೆ ಸುರಿದು ಮೋತಿಯ ಮೈಗೆಲ್ಲ ಒರೆಸಿದಳು. ಅವನು ಮೈ ನೆಕ್ಕಿಕೊಂಡ.

ಸ್ವಲ್ಪ ಹೊತ್ತಿಗೆ ಮೋತಿ ನಡುಗತೊಡಗಿದ. ನಡುಗುವ ಕೂಸುಗಳನ್ನು ಜೀವಮಾನವಿಡೀ ಕಂಡವಳಲ್ಲವೇ? ಥಂಡಿ ಹತ್ತಿದೆ ಎಂದುಕೊಂಡಳು. ಎಣ್ಣೆ ಬಿಸಿ ಮಾಡಿ, ಅವನನ್ನು ಒಲೆಯ ಮುಂದೆ ಕಾಲ ಮೇಲೆ ಹಾಕಿಕೊಂಡು, ನೆತ್ತಿಯಿಂದ ಬಾಲದವರೆಗೆ ತಿಕ್ಕಿದಳು, ಮೇಲೊಂದು ಕೌದಿ ಹೊದಿಸಿದಳು. ನಡುಕ ಹೆಚ್ಚಿತು. ಮತ್ತೆ ತಿಕ್ಕಿದಳು.

"ತಂಗೀ, ಬಾರ! ಲಗೂನ ಬಾರ ಯವ್ವಾ!" ಎಂಬ ಕೂಗಿಗೆ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಮೋತಿಯ ಬಾಯಿಂದ ಜೊಲ್ಲು ನೊರೆನೊರೆಯಾಗಿ ಸುರಿಯುತ್ತಿತ್ತು, ಹಿಂಗಾಲು ಸೆಟೆದಿದ್ದವು. ಎಮ್ಮೆಯ ಔಷಧದ ಘಾಟು ಮೂಗಿಗೆ ಬಡಿಯಿತು. ಎತ್ತಿಕೊಂಡು ಅಂಗಳಕ್ಕೆ ತರುವಷ್ಟರಲ್ಲಿ ಓಣಿಯ ಗಂಡಸರು ಸೇರಿದರು. ನೊರೆ ಕಂಡಿದ್ದೇ ತಡ, "ಹುಚ್ಚ ಹಿಡದೈತಿ! ಸರೀರಿ, ಬಡದು ಹಾಕೂಣು" ಎಂದು ಒಬ್ಬ ಬಡಿಗೆ ಎತ್ತಿದ.

ಆಯಿ ಮೋತಿಯ ಮೇಲೆ ಕವುಚಿ ಬಿದ್ದಳು. "ಹುಚ್ಚಲ್ಲೋ ಯಪ್ಪಾ, ಥಂಡಿ ಹತ್ತೇತಿ! ಬಡೀತೀರಂದ್ರ ನನ್ನ ಬಡೀರಿ!"

ನನ್ನ ಬಾಯಿ ಜೋರೆಂಬುದು ಊರಿಗೇ ಗೊತ್ತು. "ಬಡಿಗಿ ಕೆಳಗ ಇಡು! ಔಷಧ ಮೈಗೆ ಹತ್ತೇತಿ, ನಿನಗೇನ್ ಮೂಗಿಲ್ಲೇನು?" ಎಂದು ಮೈಮೇಲೆ ಹೋದೆ. ಬಡಿಗೆ ಇಳಿಯಿತು, ಆದರೆ ಯಾರೂ ಹತ್ತಿರ ಬರಲಿಲ್ಲ. ದವಾಖಾನೆಗೆ ಒಯ್ಯಲೆಂದು ರಸ್ತೆಗೆ ತಂದರೆ ಬಸ್ಸಿನವನು ನೊರೆ ನೋಡಿ ನಿಲ್ಲಿಸದೆ ಹೋದ. ನಾನು ರಸ್ತೆಯ ನಡುವೆ ನಿಂತು ಅತ್ತುಬಿಟ್ಟೆ. ಕಡೆಗೆ ಬಂದದ್ದು ನಮ್ಮೂರ ಟೆಂಪೊ. ಅದರ ಡ್ರೈವರ್ ಮೋತಿಯನ್ನು ನೋಡಿದ, ಆಯಿಯನ್ನು ನೋಡಿದ. ಅವನ ಮಕ್ಕಳಿಗೆಲ್ಲ ಎರೆದವಳು ಅವಳೇ. "ಹತ್ತ ಆಯಿ" ಅಂದ. ಒಳಗಿದ್ದವರು ಗೊಣಗುತ್ತ ಇಳಿದರು.

ಮುಂಡಗೋಡಿನ ದನದ ದವಾಖಾನೆಯಲ್ಲಿ ಡಾಕ್ಟರು ಮುಟ್ಟಿ ನೋಡಿ ಕೈ ಮೂಸಿದರು. "ಮೈ ಯಾಕ ಇಷ್ಟು ಜಿಡ್ಡ ಐತ್ರಿ?"

"ಎಣ್ಣಿ ಹಚ್ಚೇನ್ರಿ. ನಡಗಾಕತ್ತಿತ್ತಲ್ರಿ" ಎಂದಳು ಆಯಿ.

ಅವರು ಒಳ್ಳೆಯ ಮನುಷ್ಯ, ಬೈಯಲಿಲ್ಲ. ಸೂಜಿ ಚುಚ್ಚಿ, ನಳದ ಕೆಳಗೆ ಸಾಬೂನು ಹಾಕಿ ತೊಳೆಸುತ್ತಲೇ ಹೇಳಿದರು: "ಅದು ಚಳಿ ಅಲ್ಲ ಆಯಿ, ವಿಷದ ನಡುಕ. ಆಗಿಂದಾಗ ಸಾಬೂನಿಲೆ ತೊಳದಿದ್ರ ಚಲೋ ಇತ್ತು. ಎಣ್ಣಿ ತಿಕ್ಕಿದ್ರ ಔಷಧ ಇನ್ನಷ್ಟು ಒಳಗ ಇಳೀತೈತಿ." ನಡುಕ ಒಮ್ಮೆ ನಿಂತಿತು. ಮೋತಿ ಕಣ್ಣು ತೆರೆದು ಆಯಿಯ ಕಡೆಗೆ ಮುಖ ತಿರುಗಿಸಿದಾಗ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮತ್ತೆ ಸೆಳೆತ ಬಂತು. ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು. ಸಂಜೆ ದವಾಖಾನೆಯ ಬಾಗಿಲು ಹಾಕುವ ಮೊದಲೇ ಮೋತಿ ಹೋದ.

"ಬರೇ ಔಷಧ ಆಗಿದ್ರ ಉಳೀತಿತ್ತೇನ್ರಿ?" ಎಂದು ಆಯಿ ಕೇಳಿದಳು. "ಅದನ್ನ ಹೇಳಾಕ ಬರೂದಿಲ್ಲ ಆಯಿ" ಎಂದರು ಡಾಕ್ಟರು. ಆಯಿ ತಲೆಯಾಡಿಸಿದಳು. ಅವಳಿಗೆ ಉತ್ತರ ಸಿಕ್ಕಿಬಿಟ್ಟಿತ್ತು.

ಆಮೇಲೆ ಆಯಿ ಯಾವ ಕೂಸನ್ನೂ ಮುಟ್ಟಲಿಲ್ಲ. ಬಾಣಂತಿಯರ ಮನೆಯಿಂದ ಕರೆಯಲು ಬಂದವರಿಗೆ ಸೊಂಟ ನೋವು ಅಂದಳು, ಕಣ್ಣು ಕಾಣದು ಅಂದಳು. ನನಗೆ ಮಗಳು ಹುಟ್ಟಿದಾಗ ನಾನೇ ಹೋಗಿ ಕಾಲಿಗೆ ಬಿದ್ದೆ. ಬಗ್ಗಲಿಲ್ಲ. ಸಿಟ್ಟು ಬಂದು ಕೂಗಾಡಿದೆ, "ನಾಯಿ ಸತ್ತದ್ದಕ್ಕ ನನ್ನ ಮಗಳೇನ್ ಪಾಪ ಮಾಡ್ಯಾಳ?" ಎಂದೆ.

"ಪ್ರೀತಿಲೆ ತಿಕ್ಕಿದ್ನೆವ್ವಾ. ಅವನ ಸಾವನ್ನ ನಾನ ಕೈಯಾರ ಒಳಗ ಇಳಿಸಿದೆ. ಯಾವುದು ಚಳಿ, ಯಾವುದು ಸಾವು, ನನಗ ತಿಳೀಲಿಲ್ಲ. ನಿನ್ನ ಕೂಸು ನಡಗಿದ್ರ ನಾ ಏನ್ ಮಾಡ್ಲಿ?"

ಆದರೂ ಮರುದಿನ ಬೆಳಿಗ್ಗೆ ಆಯಿ ನಮ್ಮ ಮನೆಗೆ ಬಂದಳು. ಬಚ್ಚಲಿನ ಬಾಗಿಲಲ್ಲಿ ಕೂತು, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ಬಾಯಲ್ಲೇ ಹೇಳಿಕೊಟ್ಟಳು. "ಕುತ್ತಿಗಿ ಹಿಡಿ. ಹೂಂ. ನೀರು ಮೊಣಕೈಗೆ ಹಾಕ್ಕೊಂಡು ನೋಡು. ಅಂಜಬ್ಯಾಡ, ಕೂಸು ಅತ್ರ ಚಲೋನ." ಹಾಗೆ ದಿನವೂ ಬಂದಳು. ನಾನು ಮಗಳಿಗೆ ಎರೆಯುವುದು ಕಲಿತೆ. ಮಗಳು ಅಂಬೆಗಾಲಿಟ್ಟು ಹೋಗಿ ಅವಳ ಬೆರಳು ಹಿಡಿಯಲು ನೋಡುತ್ತಿದ್ದಳು. ಆಯಿ ನಗುತ್ತಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಮಗಳಿಗೆ ವರ್ಷ ತುಂಬಿದ ಮೇಲಿನ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ಮಣ್ಣಿಗೆ ಒಯ್ಯುವ ಮುಂಚೆ, ಅವರ ಮನೆತನದ ವಾಡಿಕೆಯಂತೆ, ಅವಳನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ನಾನು ಅಳುತ್ತ ನಿಂತಿದ್ದೆ. ನನ್ನ ಸೊಂಟದಿಂದ ಇಳಿದ ಮಗಳು ತಪ್ಪುಹೆಜ್ಜೆ ಹಾಕುತ್ತ ಹೋಗಿ ಆಯಿಯ ಕೈ ಹಿಡಿದಳು. ಆಯಿ ಅಂದು ಕೈ ಎಳೆದುಕೊಳ್ಳಲಿಲ್ಲ.